ಪಂಪಿಂಗ್ ಕಡಿಮೆ ಇದ್ದರೂ ದಿನ ಚೆನ್ನಾಗಿರಲಿ: ಹಾರ್ಟ್ ಫೇಲ್ಯೂರ್ ಇರುವವರಿಗೆ, ಅವರ ಮನೆಯವರಿಗೆ

ಎಕೋ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಪಂಪಿಂಗ್ ಎಷ್ಟಿದೆ?" ಅಂದರೆ ಹೃದಯದ ಮುಖ್ಯ ಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಕ್ಕೆ ತಳ್ಳುತ್ತಿದೆ ಅಂತ. 30 ಅಂದರೆ ಮನೆಗೆ ಮನೆಯೇ ಮಂಕಾಗುತ್ತದೆ. ಮುಂದಿನ ಸಲ 40 ಬಂದರೆ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ಆ ಅಂಕಿ ಮುಖ್ಯವೇ. ಯಾವ ಮಾತ್ರೆ ಕೊಡಬೇಕು ಅಂತ ಡಾಕ್ಟರು ತೀರ್ಮಾನಿಸುವುದು ಬಹುಪಾಲು ಅದನ್ನು ನೋಡಿ. ಆದರೆ ನೀವು ದಿನ ಹೇಗೆ ಕಳೆಯುತ್ತಿದ್ದೀರಿ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಪಂಪಿಂಗ್ 30 ಇದ್ದೂ ಬೆಳಿಗ್ಗೆ ನಡೆದು ಹೋಗಿ ಹಾಲು ತರುವವರಿದ್ದಾರೆ. 55 ಇದ್ದೂ ಸ್ನಾನ ಮುಗಿಸುವಷ್ಟರಲ್ಲಿ ಸುಸ್ತಾಗಿ ಮಂಚ ಹುಡುಕುವವರಿದ್ದಾರೆ. ಹೃದಯ ಚೆನ್ನಾಗಿ ಹಿಂಡಿದರೂ ಸರಿಯಾಗಿ ಸಡಿಲವಾಗಿ ತುಂಬಿಕೊಳ್ಳದಿದ್ದರೆ ಹಾಗಾಗುತ್ತದೆ. ಅದೂ ಹಾರ್ಟ್ ಫೇಲ್ಯೂರೇ.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಕಷ್ಟವಾಗುತ್ತಿದೆ. ಅದರಿಂದ ಶ್ವಾಸಕೋಶದಲ್ಲಿ, ಕಾಲಲ್ಲಿ, ಹೊಟ್ಟೆಯಲ್ಲಿ ನೀರು ನಿಲ್ಲುತ್ತಿದೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಬರುವುದು ಜಾಸ್ತಿ. ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ, ಶುಗರ್, ವಾಲ್ವ್ ತೊಂದರೆ, ಮದ್ಯ, ಕೆಲವು ಹೆಂಗಸರಿಗೆ ಹೆರಿಗೆಯ ಆಸುಪಾಸಿನ ದಿನಗಳು, ಇವೂ ಕಾರಣ. ಇದು ತೀರಾ ವಯಸ್ಸಾದವರ ಕಾಯಿಲೆ ಅಂದುಕೊಳ್ಳಬೇಡಿ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಿಗೆ ಹಾರ್ಟ್ ಫೇಲ್ಯೂರ್‌ನಿಂದ ಸೇರಿದ 1,205 ಜನರ ವಿವರ ದಾಖಲಿಸಿದ್ದರು. ಅವರ ಸರಾಸರಿ ವಯಸ್ಸು 61. ಇನ್ನೂ ಅಂಗಡಿ ನಡೆಸುವ, ಹೊಲಕ್ಕೆ ಹೋಗುವ, ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ವಯಸ್ಸು ಅದು. ಆಯಸ್ಸಿನ ಜೊತೆಗೆ ಆ ದಿನಗಳು ಹೇಗಿರುತ್ತವೆ ಅನ್ನುವುದೂ ಚಿಕಿತ್ಸೆಯ ಗುರಿಯೇ. ಅದನ್ನು ಡಾಕ್ಟರ ಹತ್ತಿರ ಕೇಳಿ ಪಡೆಯಬೇಕು.

ಮೊದಲು, ಏನೇನು ಬಿಟ್ಟಿದ್ದೀರಿ ಅಂತ ಬರೆಯಿರಿ

ಡಾಕ್ಟರು "ಹೇಗಿದ್ದೀರಮ್ಮ?" ಅಂತ ಕೇಳುತ್ತಾರೆ. "ಚೆನ್ನಾಗಿದ್ದೀನಿ ಸಾರ್" ಅನ್ನುತ್ತೇವೆ. ಬಿಪಿ ನೋಡುತ್ತಾರೆ, ಅದೇ ಮಾತ್ರೆ ಮುಂದುವರಿಸಿ ಅನ್ನುತ್ತಾರೆ, ಹೊರಗೆ ಬರುತ್ತೇವೆ. ನಮ್ಮ ಅತ್ತೆಯವರೂ ಹೀಗೇ ಹೇಳುತ್ತಿದ್ದರು. ಆದರೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುವುದನ್ನು ಅವರು ನಿಲ್ಲಿಸಿದ್ದರು. ಬಾಗಿಲ ಮುಂದೆ ರಂಗೋಲಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೇಳಿದರೆ "ವಯಸ್ಸಾಯ್ತಲ್ಲ ಕಣೇ, ಬಗ್ಗೋಕೆ ಆಗಲ್ಲ" ಅನ್ನುತ್ತಿದ್ದರು. ಬಗ್ಗಿದ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದರೆ ಅದು ಬರೀ ವಯಸ್ಸಿನ ಲಕ್ಷಣ ಆಗಿರಬೇಕಿಲ್ಲ. ಹೃದಯದೊಳಗಿನ ಒತ್ತಡ ಏರಿದಾಗಲೂ ಹಾಗಾಗುತ್ತದೆ. ರಂಗೋಲಿಯ ವಿಷಯ ಡಾಕ್ಟರ ಕಿವಿಗೆ ಬಿದ್ದ ದಿನವೇ ಮಾತ್ರೆಯ ಡೋಸ್ ಬದಲಾಯಿತು.

ಹಾಗಾಗಿ ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ, ಆರು ತಿಂಗಳ ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸಗಳನ್ನು ಬರೆಯಿರಿ. ಹೃದ್ರೋಗ ತಜ್ಞರು ಜೀವನದ ಗುಣಮಟ್ಟ ಅಳೆಯಲು ಬಳಸುವ ಪ್ರಶ್ನಾವಳಿಗಳೂ ಇದನ್ನೇ ಕೇಳುತ್ತವೆ. ಮಿನೆಸೋಟ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳಿವೆ, ಕಾನ್ಸಸ್ ಸಿಟಿಯದ್ದರಲ್ಲಿ 23. ಮೆಟ್ಟಿಲು ಹತ್ತುವುದು, ಮನೆಗೆಲಸ, ನಿದ್ದೆಯಂಥವು ಅದರಲ್ಲಿವೆ. ಮಿನೆಸೋಟದಲ್ಲಂತೂ ಇಷ್ಟದ ಊಟ ಬಿಡಬೇಕಾಯಿತೇ, ದುಡ್ಡು ಖರ್ಚಾಯಿತೇ, ಮನೆಯವರಿಗೆ ಹೊರೆ ಅನ್ನಿಸಿತೇ ಅನ್ನುವುದನ್ನೂ ಕೇಳುತ್ತಾರೆ. ನೀವು ಅಂಕ ಹಾಕಿಕೊಳ್ಳಬೇಕಿಲ್ಲ. ನಿಮ್ಮ ಮಾತಿನಲ್ಲೇ ಬರೆಯಿರಿ: "ದೇವಸ್ಥಾನದ ಮೆಟ್ಟಿಲು ಒಂದೇ ಸಲಕ್ಕೆ ಹತ್ತುತ್ತಿದ್ದೆ, ಈಗ ಎರಡು ಕಡೆ ನಿಲ್ಲುತ್ತೇನೆ." ಈ ಒಂದು ಸಾಲು ಡಾಕ್ಟರಿಗೆ ಬಹಳ ಹೇಳುತ್ತದೆ. ಕೆಳಗೆ, ವಾಪಸ್ ಬೇಕು ಅನ್ನಿಸುವ ಒಂದೇ ಒಂದು ಕೆಲಸ ಬರೆದು ಅದಕ್ಕೆ ಗೆರೆ ಹಾಕಿ. ಮುಂದಿನ ಭೇಟಿಯಲ್ಲಿ ಮೊದಲು ಅದನ್ನೇ ಹೇಳಿ.

ಬೆಳಿಗ್ಗೆ ಎದ್ದ ಕೂಡಲೇ ತೂಕ

ಮನೆಯಲ್ಲಿ ಒಂದು ತೂಕದ ಯಂತ್ರ ಬೇಕೇ ಬೇಕು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮೊದಲು ನಿಲ್ಲಿ. ದಿನಾ ಒಂದೇ ಥರದ ಬಟ್ಟೆ, ಒಂದೇ ಜಾಗ. ನೆಲ ಸಮವಾಗಿರಲಿ. ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಕೊಬ್ಬು ಎರಡು ದಿನದಲ್ಲಿ ಎರಡು ಕಿಲೋ ಏರುವುದಿಲ್ಲ. ನೀರು ಏರುತ್ತದೆ. ಒಂದು ಲೀಟರ್ ನೀರು ದೇಹದಲ್ಲಿ ನಿಂತರೆ ಒಂದು ಕಿಲೋ ಹೆಚ್ಚಾಗುತ್ತದೆ, ಅದೂ ಕಾಲು ಊದಿಕೊಳ್ಳುವ ಮೊದಲೇ. ಮೂರು ದಿನದೊಳಗೆ ಎರಡು ಕಿಲೋ ಜಾಸ್ತಿಯಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ನಿಮಗೆ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಕೆಲವರಿಗೆ ಡಾಕ್ಟರು ಮೊದಲೇ ಹೇಳಿಟ್ಟಿರುತ್ತಾರೆ, ಇಷ್ಟು ಏರಿದರೆ ನೀರಿನ ಮಾತ್ರೆ (ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ) ಒಂದು ಜಾಸ್ತಿ ತೆಗೆದುಕೊಳ್ಳಿ ಅಂತ. ಹಾಗೆ ಹೇಳಿಲ್ಲವಾದರೆ ಮುಂದಿನ ಸಲ ಕೇಳಿ, ಅದೇ ನೋಟ್‌ಬುಕ್ಕಿನಲ್ಲಿ ಅವರಿಂದಲೇ ಬರೆಸಿಕೊಳ್ಳಿ.

ತೂಕದ ಜೊತೆ ಇನ್ನೆರಡು ನೋಡಿ. ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಐದು ಎಣಿಸುವಷ್ಟು ಹೊತ್ತು ಒತ್ತಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ನೀರು ನಿಂತಿದೆ. ಆಮೇಲೆ ದಿಂಬು. ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ಈಗ ಎರಡು ಬೇಕಾಗಿದೆಯೇ? ಮಧ್ಯರಾತ್ರಿ ಉಸಿರು ಕಟ್ಟಿ ಎದ್ದು ಕೂತು ಕಿಟಕಿ ತೆಗೆಸುತ್ತಿದ್ದಾರೆಯೇ? ಗ್ಯಾಸ್ ಅಂತ ಬಿಟ್ಟುಬಿಡಬೇಡಿ, ಮಾರನೇ ದಿನವೇ ಹೇಳಿ.

ಸುಮ್ನೆ ಕೂತಾಗಲೂ ಏದುಸಿರು, ಎದೆನೋವು, ತಲೆಸುತ್ತಿ ಬಿದ್ದರೆ, ಮಾತು ತೊದಲಿದರೆ, ತುಟಿ ನೀಲಿಯಾದರೆ, ಕೆಮ್ಮಿದಾಗ ನಸುಗೆಂಪು ನೊರೆ ಬಂದರೆ ಯಾರನ್ನೂ ಕೇಳುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಏದುಸಿರು ಇದ್ದು ಎಚ್ಚರವಾಗಿರುವವರನ್ನು ಆಂಬ್ಯುಲೆನ್ಸ್ ಬರುವವರೆಗೆ ಮಲಗಿಸಬೇಡಿ, ಒರಗಿಸಿ ಕೂರಿಸಿ.

ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ

ಉಪ್ಪು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಿನ್ನುತ್ತಿದ್ದೇವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೊಂದು ಸುಲಭದ ದಾರಿ ಇದೆ. ಹೊಸ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 20 ಗ್ರಾಂ. ಹಾಗಾದರೆ ಒಂದು ಕಿಲೋ ಕನಿಷ್ಠ 50 ದಿನ ಬರಬೇಕು. ನಿಮ್ಮ ಮನೆಯಲ್ಲಿ 25 ದಿನಕ್ಕೇ ಖಾಲಿಯಾದರೆ ಎಲ್ಲರೂ ಎರಡರಷ್ಟು ತಿನ್ನುತ್ತಿದ್ದೀರಿ. ಉಪ್ಪಿನಕಾಯಿಯದ್ದು, ಬೇಕರಿ ಖಾರದ್ದು, ಹೋಟೆಲ್ ಸಾಂಬಾರಿನದ್ದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಒಬ್ಬರಿಗೆ ಮಾತ್ರ ಸಪ್ಪೆ ಅಡುಗೆ ಮಾಡಿ ಪಕ್ಕಕ್ಕಿಡುವುದು ಬೇಡ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅವರು ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ತೂಕ ಇಳಿಯುತ್ತದೆ, ಮನಸ್ಸೂ ಇಳಿಯುತ್ತದೆ. ಇಡೀ ಮನೆಗೇ ಸ್ವಲ್ಪ ಸ್ವಲ್ಪ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹುಳಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ, ಕೊತ್ತಂಬರಿ, ಕೊನೆಗೆ ಹಿಂಡುವ ನಿಂಬೆರಸ ಇವೆಲ್ಲ ಉಪ್ಪಿನ ಕೊರತೆಯನ್ನು ಚೆನ್ನಾಗಿ ತುಂಬುತ್ತವೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಉಪ್ಪು ಹಾಕುವುದನ್ನು ಪೂರ್ತಿ ಬಿಡಿ; ಸಾರಿನ ಜೊತೆ ಕಲಸಿದಾಗ ಗೊತ್ತೇ ಆಗುವುದಿಲ್ಲ. ಎಲೆ ತುದಿಗೆ ಉಪ್ಪು ಬಡಿಸುವುದು ಹಬ್ಬದ ದಿನಕ್ಕೂ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಇವು ಊಟದ ಮೇಜಿನಿಂದಲೇ ದೂರ ಇರಲಿ.

ಎರಡು ಎಚ್ಚರಿಕೆ. ಸೈಂಧವ ಲವಣವೂ ಉಪ್ಪೇ, ಅದರಿಂದ ಹೃದಯಕ್ಕೆ ಯಾವ ವಿನಾಯಿತಿಯೂ ಇಲ್ಲ. ಇನ್ನು ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪನ್ನು ಡಾಕ್ಟರನ್ನು ಕೇಳದೆ ತರಲೇಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹಾರ್ಟ್ ಫೇಲ್ಯೂರ್‌ಗೆ ಕೊಡುವ ಹಲವು ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ದಿನಾ ಎಳನೀರು ಕುಡಿಯುವ ಅಭ್ಯಾಸ ಇದ್ದರೂ ಇದೇ ಕಾರಣಕ್ಕೆ ಡಾಕ್ಟರಿಗೆ ತಿಳಿಸಿ.

ನೀರಿನ ಮಿತಿ ಎಲ್ಲರಿಗೂ ಬೇಕಿಲ್ಲ. ಆರಾಮವಾಗಿರುವವರು ಬಾಯಾರಿದಷ್ಟು ಕುಡಿಯಬಹುದು. ಡಾಕ್ಟರು ಒಂದೂವರೆ ಲೀಟರ್ ಅಂತ ಮಿತಿ ಹಾಕಿದ್ದರೆ ಮಾತ್ರ ಈ ಉಪಾಯ ಮಾಡಿ: ಬೆಳಿಗ್ಗೆ ಒಂದೂವರೆ ಲೀಟರ್ ನೀರು ತುಂಬಿ ಒಂದು ಬಾಟಲಿ ಇಡಿ. ಕಾಫಿ, ಮಜ್ಜಿಗೆ, ಗಂಜಿ, ತಿಳಿಸಾರು ಕುಡಿದಾಗ ಅದೇ ಲೋಟದಲ್ಲಿ ಅಳೆದು ಬಾಟಲಿಯಿಂದ ಅಷ್ಟು ನೀರನ್ನು ಗಿಡಕ್ಕೆ ಹಾಕಿ. ಬಾಟಲಿ ಖಾಲಿಯಾದರೆ ಅವತ್ತಿನದು ಮುಗಿಯಿತು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿ, ಏಲಕ್ಕಿ ಚೀಪಿ.

ಮಾತ್ರೆಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಜೀವ ಉಳಿಸುವುದೂ, ಆಸ್ಪತ್ರೆಯ ಮಂಚದಿಂದ ದೂರ ಇಡುವುದೂ ಇವೇ.

ಪಂಪಿಂಗ್ ಕಡಿಮೆ ಇರುವವರಿಗೆ ಈಗ ನಾಲ್ಕು ಬಗೆಯ ಮಾತ್ರೆ ಕೊಡುತ್ತಾರೆ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ಬಿಸೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಒಂದು. ರಾಮಿಪ್ರಿಲ್ ಅಥವಾ ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಥರದ್ದು ಇನ್ನೊಂದು. ಮೂರನೆಯದು ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ನಾಲ್ಕನೆಯದು ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಈ ಕೊನೆಯದು ಶುಗರ್ ಮಾತ್ರೆಯಾಗಿ ಬಂದದ್ದು. "ನನಗೆ ಶುಗರ್ ಇಲ್ಲವಲ್ಲ, ಇದ್ಯಾಕೆ ಬರೆದರು" ಅಂತ ಎಷ್ಟೋ ಜನ ಅದನ್ನು ಬಿಟ್ಟುಬಿಡುತ್ತಾರೆ. ಶುಗರ್ ಇಲ್ಲದವರ ಹೃದಯಕ್ಕೂ ಅದು ಒಳ್ಳೆಯದು ಅಂತ 2019ರಿಂದ ಗೊತ್ತಾಗಿದೆ, ಬಿಡಬೇಡಿ. ಇವುಗಳ ಜೊತೆ ನೀರು ನಿಂತವರಿಗೆ ಫ್ಯುರೊಸೆಮೈಡ್ ಅಥವಾ ಟಾರ್ಸೆಮೈಡ್, ಅಂದರೆ ನೀರಿನ ಮಾತ್ರೆ.

ಬೀಟಾ ಬ್ಲಾಕರ್ ಶುರು ಮಾಡಿದ ಮೊದಲ ಕೆಲವು ವಾರ ಸುಸ್ತು ಜಾಸ್ತಿ ಅನ್ನಿಸಬಹುದು. "ಈ ಮಾತ್ರೆ ನನಗೆ ಆಗಿಬರಲ್ಲ" ಅಂತ ಅಲ್ಲಿಗೇ ನಿಲ್ಲಿಸುವವರು ಬಹಳ. ತಿಂಗಳುಗಳ ಮೇಲೆ ಸಿಗುವ ಲಾಭ ಅವರ ಕೈತಪ್ಪುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯವೂ ಹೌದು. ಸುಸ್ತು ತಡೆಯಲಾಗದಿದ್ದರೆ ಡೋಸ್ ನಿಧಾನವಾಗಿ ಏರಿಸುವ ದಾರಿ ಡಾಕ್ಟರಿಗೆ ಗೊತ್ತು. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ಬೇರೆ ಮಾತ್ರೆ ಇದೆ. ಸ್ಪೈರೊನೊಲ್ಯಾಕ್ಟೋನ್‌ನಿಂದ ಗಂಡಸರಿಗೆ ಎದೆ ಊದಿ ನೋವಾದರೆ ಅದಕ್ಕೂ ಬದಲಿ ಇದೆ. ನಾಚಿಕೆಯಿಂದ ಹೇಳದೆ ಮಾತ್ರೆ ಬಿಡುವುದಕ್ಕಿಂತ ಹೇಳಿಬಿಡುವುದು ಒಳ್ಳೆಯದು, ಅಲ್ವಾ? ಮಾತ್ರೆ ಬದಲಾದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಪೊಟ್ಯಾಸಿಯಂ ರಕ್ತ ಪರೀಕ್ಷೆ ಹೇಳುತ್ತಾರೆ. ಖರ್ಚು ಅಂತ ತಪ್ಪಿಸಬೇಡಿ.

ವಾಂತಿ-ಭೇದಿ ಆದ ದಿನ, ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನ, ಆಪರೇಷನ್‌ಗೆ ಮುಂಚೆ, ಈ ಮಾತ್ರೆಗಳಲ್ಲಿ ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದು ಅನ್ನುವುದನ್ನು ಮೊದಲೇ ಕೇಳಿ ಬರೆದಿಡಿ. ಮಗು ಬೇಕು ಅನ್ನುವ ವಯಸ್ಸಿನ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಮಾತಾಡಬೇಕು. ಇವುಗಳಲ್ಲಿ ಕೆಲವು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುತ್ತವೆ, ಗರ್ಭಧಾರಣೆ ತಾಯಿಯ ಹೃದಯಕ್ಕೂ ದೊಡ್ಡ ಹೊರೆ.

ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಮಂಡಿನೋವಿಗೆ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ದೇಹದಲ್ಲಿ ನೀರು ಹಿಡಿದಿಡುತ್ತವೆ, ಕಿಡ್ನಿಗೂ ಹೊಡೆತ. ನಾಲ್ಕು ದಿನ ನುಂಗಿ ಐದನೇ ದಿನ ಆಸ್ಪತ್ರೆ ಸೇರುವವರಿದ್ದಾರೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ, ನೀರಿನಲ್ಲಿ ನೊರೆಯುವ ಥರದ್ದು ಮಾತ್ರ ಬೇಡ, ಅದರಲ್ಲಿ ಸೋಡಿಯಂ ಇದೆ. ಗ್ಯಾಸ್‌ಗೆ ಕುಡಿಯುವ ನೊರೆಪುಡಿಯಲ್ಲೂ ಇದೆ. ಹೆಸರಿಲ್ಲದ ನಾಟಿ ಪುಡಿಗಳ ವಿಷಯವೂ ಡಾಕ್ಟರಿಗೆ ತಿಳಿದಿರಲಿ.

ದುಡ್ಡಿನ ಮಾತು. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್‌ನದು 2023ರಲ್ಲಿ ಮುಗಿದ ಮೇಲೆ ನಮ್ಮ ದೇಶದಲ್ಲಿ ಎರಡೂ ಹಲವು ಕಂಪನಿಗಳಿಂದ ಅಗ್ಗವಾಗಿ ಸಿಗುತ್ತಿವೆ. "ಇದೇ ಔಷಧ ಕಡಿಮೆ ಬೆಲೆಯಲ್ಲಿ ಬರೆದುಕೊಡಿ ಡಾಕ್ಟ್ರೇ" ಅಂತ ಕೇಳಲು ಸಂಕೋಚ ಬೇಡ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಆಸ್ಪತ್ರೆ ಸೇರುವ ಹೊತ್ತಿಗೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೃದಯಕ್ಕೇ ಮೀಸಲಾದ ಸರ್ಕಾರಿ ಸ್ವಾಯತ್ತ ಆಸ್ಪತ್ರೆ ಜಯದೇವ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ.

ಇನ್ನೊಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ: ಫೆರಿಟಿನ್, ಅಂದರೆ ಕಬ್ಬಿಣಾಂಶದ್ದು. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕಬ್ಬಿಣ ಕಡಿಮೆ ಇರುತ್ತದೆ, ಹಿಮೋಗ್ಲೋಬಿನ್ ಸರಿಯಿದ್ದಾಗಲೂ. ಪಂಪಿಂಗ್ ಕಡಿಮೆ ಇರುವವರಿಗೆ ಕಬ್ಬಿಣದ ಮಾತ್ರೆಯಿಂದ ಹೆಚ್ಚು ಪ್ರಯೋಜನ ಆಗುವುದಿಲ್ಲ, ಡ್ರಿಪ್ ಮೂಲಕ ಕಬ್ಬಿಣ ಕೊಟ್ಟರೆ ಸುಸ್ತು ಕಡಿಮೆಯಾಗಿ ನಡೆಯುವ ಶಕ್ತಿ ಹೆಚ್ಚುತ್ತದೆ. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೋನಿಯಾದ್ದು ಡಾಕ್ಟರು ಹೇಳಿದಂತೆ. ಬೀಡಿ, ಸಿಗರೇಟು, ಮದ್ಯ ಬಿಡಲೇಬೇಕು.

ನಡಿಗೆ, ಮನೆಗೆಲಸ, ಬಸ್ಸಿನ ದಾರಿ

"ಹಾರ್ಟ್ ವೀಕ್ ಆಗಿದೆ, ಸುಮ್ನೆ ಮಲಗಿರಿ" ಅನ್ನುವುದು ಪ್ರೀತಿಯ ಮಾತು. ಆದರೆ ಮಲಗಿದಷ್ಟೂ ಕಾಲಿನ ಮಾಂಸಖಂಡ ಸೊರಗಿ ಸುಸ್ತು ಇನ್ನೂ ಜಾಸ್ತಿಯಾಗುತ್ತದೆ. ತೂಕ ಏರಿಲ್ಲ, ಉಸಿರು ಸರಿಯಾಗಿದೆ, ಡಾಕ್ಟರು ಒಪ್ಪಿದ್ದಾರೆ ಅಂದರೆ ನಡೆಯಲು ಶುರು ಮಾಡಿ. ಸಮತಟ್ಟಾದ ಜಾಗದಲ್ಲಿ ಐದು ನಿಮಿಷ, ದಿನಕ್ಕೆ ಎರಡು ಸಲ. ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಇಳಿಸಿ. ಊಟವಾದ ಕೂಡಲೇ ಬೇಡ, ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಅಂತೂ ಬೇಡ.

ಮನೆಯೊಳಗೆ ಶಕ್ತಿ ಉಳಿಸಿ. ಬಚ್ಚಲಲ್ಲಿ ಸ್ಟೂಲ್ ಹಾಕಿ ಕೂತು ಸ್ನಾನ. ತರಕಾರಿ ಹೆಚ್ಚುವುದು, ಇಸ್ತ್ರಿ ಎಲ್ಲ ಕೂತೇ. ನೆಲಕ್ಕೆ ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಇದ್ದರೆ ಕಮೋಡ್ ಕುರ್ಚಿ ತನ್ನಿ. ಶೌಚಕ್ಕೆ ತಿಣುಕುವುದು ಒಳ್ಳೆಯದಲ್ಲ, ಮಲಬದ್ಧತೆ ಇದ್ದರೆ ಔಷಧ ಕೇಳಿ. ಎದ್ದ ಕೂಡಲೇ ನಿಲ್ಲಬೇಡಿ; ಈ ಮಾತ್ರೆಗಳಿಂದ ಬಿಪಿ ಇಳಿದಿರುತ್ತದೆ, ಮಂಚದ ಅಂಚಿಗೆ ಒಂದು ನಿಮಿಷ ಕೂತು ಏಳಿ.

ಮದುವೆ, ಗೃಹಪ್ರವೇಶಕ್ಕೆ ಹೋಗುವುದನ್ನೇ ಬಿಡಿಸುವುದು ಎಷ್ಟೋ ಸಲ ನೀರಿನ ಮಾತ್ರೆ. ಅರ್ಧ ಗಂಟೆಗೊಮ್ಮೆ ಮೂತ್ರ, ಬಸ್ಸು ನಿಲ್ಲಿಸುವುದಿಲ್ಲ, ಹೆಂಗಸರಿಗಂತೂ ದಾರಿಯಲ್ಲಿ ಜಾಗವೇ ಇಲ್ಲ. ಅದಕ್ಕೆ ಮಾತ್ರೆಯನ್ನೇ ಬಿಟ್ಟು ಹೊರಟು ಮೂರನೇ ದಿನ ಏದುಸಿರಿನಲ್ಲಿ ವಾಪಸ್ ಬರುತ್ತಾರೆ. ಆ ದಿನ ಊರು ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ. ಕೆಲವು ಗಂಟೆ ಮುಂದೆ ಹಾಕಲು ಸಾಮಾನ್ಯವಾಗಿ ಒಪ್ಪುತ್ತಾರೆ. ಬೇರೆ ದಿನಗಳಲ್ಲಿ ಬೆಳಿಗ್ಗೆಯೇ ತೆಗೆದುಕೊಳ್ಳಿ. ಎರಡನೇ ಡೋಸ್ ಇದ್ದರೆ ಮಧ್ಯಾಹ್ನ ಮುಗಿಯಲಿ, ರಾತ್ರಿ ನಿದ್ದೆ ಕೆಡುವುದಿಲ್ಲ.

ಮನಸ್ಸು, ಗಂಡ-ಹೆಂಡತಿಯ ಮಾತು

ಹಾರ್ಟ್ ಫೇಲ್ಯೂರ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇರುತ್ತದೆ. ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಎರಡಕ್ಕೂ ಸಮಾನವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಇಷ್ಟದ ಧಾರಾವಾಹಿ ನೋಡುತ್ತಿಲ್ಲ, ಮೊಮ್ಮಗು ಬಂದರೂ ಮಾತಿಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುತ್ತಿದ್ದಾರೆ ಅಂದರೆ ಧೈರ್ಯ ಹೇಳಿ ಸುಮ್ಮನಾಗಬೇಡಿ, ಚಿಕಿತ್ಸೆ ಕೊಡಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ದಾಂಪತ್ಯದ ವಿಷಯ ಕೇಳಲು ಎಲ್ಲರಿಗೂ ಮುಜುಗರ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಭಯ ಬೇಕಿಲ್ಲ. ಆದರೆ ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಸಿಲ್ಡೆನಾಫಿಲ್ (ವಯಾಗ್ರಾ) ಮುಟ್ಟಲೇಬಾರದು, ಬಿಪಿ ಕುಸಿದು ಪ್ರಾಣಕ್ಕೇ ಅಪಾಯ.

ನೋಡಿಕೊಳ್ಳುವವರಿಗೆ

ತೂಕ ಬರೆಯುವುದು, ಮಾತ್ರೆ ಡಬ್ಬಿ ತುಂಬುವುದು, ಸಪ್ಪೆ ಅಡುಗೆ, ಆಸ್ಪತ್ರೆ ಓಡಾಟ ಎಲ್ಲವೂ ಹೆಚ್ಚಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಹಂಚಿಕೊಳ್ಳಿ. ವಾರದ ಮಾತ್ರೆ ಡಬ್ಬಿಯನ್ನು ಭಾನುವಾರ ಮಗ ತುಂಬಲಿ. ತೂಕವನ್ನು ಕಾಯಿಲೆ ಇರುವವರೇ ಬರೆಯಲಿ. ತಮ್ಮ ದೇಹದ ಲೆಕ್ಕ ತಮ್ಮ ಕೈಯಲ್ಲೇ ಇದ್ದರೆ ಅವರಿಗೂ ಹಿಡಿತ ಇರುತ್ತದೆ. ಕಾಯಿಲೆ ಮುಂದೆ ಜೋರಾದರೆ ಐಸಿಯು, ವೆಂಟಿಲೇಟರ್ ಬೇಕೇ, ಮನೆಯಲ್ಲೇ ಇರಬೇಕೇ ಅನ್ನುವುದನ್ನು ಅವರು ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಕೇಳಿದರೆ ಅಪಶಕುನ ಆಗುವುದಿಲ್ಲ. ಕೇಳದಿದ್ದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅಣ್ಣ ತಮ್ಮಂದಿರು ಜಗಳವಾಡುತ್ತಾರೆ.

ಕೊನೆಯದಾಗಿ ಒಂದು ಹಾಳೆ ಸಿದ್ಧ ಮಾಡಿ. ಈಗಿನ ಎಲ್ಲ ಮಾತ್ರೆಗಳ ಹೆಸರು, ಡೋಸ್, ಹೊತ್ತು, ಚೆನ್ನಾಗಿದ್ದಾಗಿನ ತೂಕ, ಕೊನೆಯ ಎಕೋ ತಾರೀಕು, ಪಂಪಿಂಗ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಅಲರ್ಜಿ, ಡಾಕ್ಟರ ಫೋನ್ ನಂಬರ್. ಒಂದು ಪ್ರತಿ ಅವರ ಪರ್ಸಿನಲ್ಲಿ, ಒಂದು ಫ್ರಿಜ್ ಮೇಲೆ, ಫೋಟೋ ಎಲ್ಲ ಮಕ್ಕಳ ಫೋನಿನಲ್ಲಿ. ಮಾತ್ರೆ ಬದಲಾದ ದಿನವೇ ಹಳೆಯ ಹಾಳೆ ಹರಿದು ಹೊಸದು ಬರೆಯಿರಿ.